ಕೂಸಿನವ್ವನ ಬೆನ್ನಿನ ಚಿತ್ರ

‘ಸುಮಾರು’ ಎಂಬ ಒಂದು ಪದಕ್ಕಾಗಿ ಅಫ್ರೀನ್ ಮತ್ತು ನಾನು ಮೊದಲ ದಿನವೇ ಜಗಳಾಡಿದೆವು.

ಅವಳು ಬೀದರಿನ ಹಳೆ ಊರಿನ ಹುಡುಗಿ. ಇಲ್ಲಿಯೇ ಎಂಜಿನಿಯರಿಂಗ್ ಓದಿ, ಡೇಟಾಬೇಸ್ ಕಟ್ಟುವ ಕೆಲಸದಲ್ಲಿ ಕೆಲವು ವರ್ಷ ಪಳಗಿ, ಆಮೇಲೆ ನಮ್ಮ ಕಚೇರಿಯ ಯೋಜನೆಗೆ ಬಂದಿದ್ದಳು. ನಾನು ಪುರಾತತ್ವದ ಕೆಲಸದಲ್ಲಿ ಆಗಲೇ ತಲೆ ನರೆತವಳು. ಜಿಲ್ಲೆಯ ಹೊಲ, ಕೆರೆಯ ಏರಿ, ಗುಡಿಯ ಅಂಗಳಗಳಲ್ಲಿ ಚದುರಿ ಬಿದ್ದಿರುವ ಶಾಸನ, ವೀರಗಲ್ಲು, ಮೂರ್ತಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೆಡೆ ದಾಖಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಕಲ್ಲುಗಳನ್ನು ಬಲ್ಲವಳು ನಾನು, ಕಂಪ್ಯೂಟರ್ ಬಲ್ಲವಳು ಅವಳು. ಇಬ್ಬರನ್ನೂ ಒಂದೇ ಮೇಜಿನ ಎದುರುಬದುರು ಕೂರಿಸಿದ್ದರು.

"ಮೇಡಂ, ಇಲ್ಲಿ ಇಸವಿ ಹಾಕಬೇಕಾಗ್ತದರಿ. ನೀವು ‘ಸುಮಾರು ಹನ್ನೆರಡನೆಯ ಶತಮಾನ’ ಅಂತ ಬರದೀರಿ. ಇದು ಕಂಪ್ಯೂಟರಿಗಿ ತಿಳಿಯಂಗಿಲ್ಲರಿ" ಎಂದಳು.

"ಕಲ್ಲಿನ ಮ್ಯಾಲ ಇಸವಿ ಇಲ್ಲ ಅಂದ್ರ ನಾ ಎಲ್ಲಿಂದ ತರ್ಲಿ ಬೇಟಾ?"

"ಹಂಗಾರ ಆ ನೂರು ವರ್ಷದ ನಡುವಿಂದು ಒಂದು ಇಸವಿ ಹಾಕ್ತೇನಿ."

"ಹಾಕಿದ್ರ ಅದು ಸುಳ್ಳಾಗ್ತದ. ನಾಳಿ ಯಾರೋ ಅದನ್ನೇ ಖರೇ ಅಂತ ಪುಸ್ತಕದಾಗ ಬರೀತಾರ."

ಅವಳು ಮುಖ ಗಂಟಿಕ್ಕಿಕೊಂಡು ಮನೆಗೆ ಹೋದಳು. ಮರುದಿನ ಬಂದವಳೇ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಇಸವಿಯ ಒಂದು ಖಾನೆ ಇದ್ದಲ್ಲಿ ಈಗ ಮೂರು ಖಾನೆಗಳಿದ್ದವು. ‘ಇದಕ್ಕಿಂತ ಹಿಂದಿನದಲ್ಲ’ ಎಂದು ಒಂದು, ‘ಇದಕ್ಕಿಂತ ಈಚಿನದಲ್ಲ’ ಎಂದು ಇನ್ನೊಂದು, ‘ಹಾಗೆನ್ನಲು ಆಧಾರ’ ಎಂದು ಮೂರನೆಯದು. ಮೊದಲ ಎರಡನ್ನು ನೋಡಿ ನನಗೆ ಸಮಾಧಾನವಾಯಿತು. ಮೂರನೆಯದು ನನ್ನನ್ನು ಆರು ತಿಂಗಳು ಕಾಡಿತು. ನನ್ನ ಹಿರಿಯರು ಬರೆದಿಟ್ಟ ಹಳೆಯ ವರದಿಗಳಲ್ಲಿ ಕಾಲ ಹೇಳಿದ್ದರೇ ಹೊರತು, ಯಾಕೆ ಹಾಗೆ ಹೇಳಿದೆವು ಎಂದು ಎಷ್ಟೋ ಕಡೆ ಹೇಳಿರಲಿಲ್ಲ. ಕಿರೀಟ ನೋಡಿಯೋ ಅಕ್ಷರದ ತಲೆಕಟ್ಟು ನೋಡಿಯೋ ಎಂದು ಪ್ರತಿ ಕಲ್ಲಿನ ಮುಂದೆ ಮತ್ತೆ ಹೋಗಿ ಕೂರಬೇಕಾಯಿತು. ಈಗ ಈ ಕೆಲಸಕ್ಕೆ ಬರುವವರಿಗೆ ಆ ಮೂರನೆಯ ಖಾನೆ ಬೇಸರ ತರಿಸುತ್ತದೆ ಎಂದು ಕೇಳಿದ್ದೇನೆ. ಬೇಸರ ಬಂದರೂ ತುಂಬಿ.

ನಾನು ಭಾಲ್ಕಿಯವಳು. ಅಪ್ಪ ಶಾಲಾ ಮಾಸ್ತರರು. ಮನೆಯ ಪಡಸಾಲೆಯಲ್ಲಿ ಬುದ್ಧನ ಚಿತ್ರವಿತ್ತು, ಕೆಳಗೆ ಪುಸ್ತಕಗಳ ಮರದ ಕಪಾಟು ಇತ್ತು. ಊರ ಸುತ್ತಲಿನ ಹಳೆಯ ಗುಡಿಗಳನ್ನು ನಾನು ಚಿಕ್ಕಂದಿನಲ್ಲಿ ಹೊರಗೆ ನಿಂತೇ ನೋಡಿದ್ದು. ನಮ್ಮ ಪೈಕಿಯವರು ಬಾಗಿಲು ದಾಟುವ ಹಾಗಿರಲಿಲ್ಲ. ಒಳಗೆ ಏನಿದೆಯೋ ನೋಡಬೇಕು ಎಂಬ ಆಸೆಯೇ ನನ್ನನ್ನು ಇತಿಹಾಸದ ಓದಿಗೆ ಹಚ್ಚಿತು. ಹೀಗೆಂದರೆ ಸಹೋದ್ಯೋಗಿಗಳು ನಗುತ್ತಿದ್ದರು. ನಾನು ತಮಾಷೆಗೆ ಹೇಳುತ್ತಿರಲಿಲ್ಲ. ಸರಕಾರದ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಮೊದಲ ಬಾರಿ ಒಂದು ಗರ್ಭಗುಡಿಯೊಳಗೆ ಟಾರ್ಚ್ ಹಿಡಿದು ನಿಂತ ದಿನ ನನಗೆ ಮೂರ್ತಿ ಸರಿಯಾಗಿ ಕಾಣಲೇ ಇಲ್ಲ. ಕಣ್ಣು ಮಂಜಾಗಿತ್ತು.

ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಕ್ಯಾಮೆರಾಕ್ಕೆ ರೀಲು ಹಾಕಬೇಕಿತ್ತು. ಒಂದು ಪ್ರವಾಸಕ್ಕೆ ಒಂದೇ ರೀಲು ಕೊಡುತ್ತಿದ್ದರು. ಅಷ್ಟರಲ್ಲಿ ಇಡೀ ತಾಲ್ಲೂಕು ಮುಗಿಸಬೇಕು. ಹೀಗಾಗಿ ಮೂರ್ತಿಗೆ ಒಂದೇ ಚಿತ್ರ, ಅದೂ ಎದುರಿನಿಂದ. ಶಾಸನವಾದರೆ ಕಾಗದ ಒದ್ದೆ ಮಾಡಿ ಕಲ್ಲಿಗೆ ಅಂಟಿಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಿದ್ದೆವು. ಗಾಳಿ ಎದ್ದರೆ ಮುಗಿಯಿತು, ಕಾಗದ ಹೊಲದ ತುಂಬ ಓಡುತ್ತಿತ್ತು, ಅದರ ಹಿಂದೆ ನಾವು.

ಅಫ್ರೀನ್ ಬಂದ ಮೇಲೆ ಓಡುವ ಕೆಲಸ ಬೇರೆ ಥರದ್ದಾಯಿತು. ಔರಾದ್ ತಾಲ್ಲೂಕಿನ ಚಿಂತಾಕಿಯಲ್ಲಿ ಒಂದು ಒಳ್ಳೆಯ ವೀರಗಲ್ಲಿದೆ. ದನಗಳನ್ನು ಕದಿಯಲು ಬಂದವರ ಜೊತೆ ಕಾದಾಡಿ ಸತ್ತ ಒಬ್ಬನ ಕಲ್ಲು. ಅದನ್ನು ಅಳತೆ ಮಾಡಿ, ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಂಡು ಬಂದೆವು. ಒಂದು ವಾರದ ನಂತರ ಅಫ್ರೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತ ನನ್ನನ್ನು ಕರೆದಳು.

"ಮೇಡಂ, ನಿಮ್ಮ ಚಿಂತಾಕಿ ವೀರಗಲ್ಲು ಹಿಮದಾಗ ನಿಂತಾದ ನೋಡ್ರಿ."

ನೋಡಿದೆ. ಕಂಪ್ಯೂಟರಿನ ನಕಾಶೆಯಲ್ಲಿ ನಮ್ಮ ಬಿಸಿಲುನಾಡಿನ ವೀರ ಉತ್ತರ ಧ್ರುವದ ಹತ್ತಿರ ಬೆಳ್ಳಗಿನ ಒಂದು ದ್ವೀಪದ ಮೇಲಿದ್ದ. ಅಂಕಿಗಳನ್ನು ತುಂಬಿದವರು ಅಕ್ಷಾಂಶದ ಜಾಗದಲ್ಲಿ ರೇಖಾಂಶ ಬರೆದಿದ್ದರು, ಅಷ್ಟೆ. ಅವನ ಹಿಂದೆಯೇ ಬಗದಲ್‌ನ ಎರಡು ಶಾಸನಗಳೂ ಹಿಮಕ್ಕೆ ಹೋಗಿದ್ದವು.

ಜಿಲ್ಲೆಯ ಗಡಿಯ ಹೊರಗಿನ ಯಾವ ಅಂಕಿಯನ್ನೂ ಒಳಗೆ ಬಿಡದ ಹಾಗೆ ಅಫ್ರೀನ್ ಬಾಗಿಲು ಹಾಕಿದಳು. ಅದು ಸರಿಯಾಯಿತು ಅಂದುಕೊಂಡರೆ, ಔರಾದಿನ ತುದಿಯ ಒಂದು ಹೊಲದಲ್ಲಿ ನಿಂತು ನಾವು ತುಂಬಿದ ಅಂಕಿಯನ್ನೂ ಅದು ತಿರಸ್ಕರಿಸಿತು. ಕಂಪ್ಯೂಟರಿನ ಗಡಿರೇಖೆ ಆ ಹೊಲವನ್ನು ಮಹಾರಾಷ್ಟ್ರಕ್ಕೆ ಸೇರಿಸಿತ್ತು. ಹೊಲದ ಯಜಮಾನ ಬದುವಿನ ಮೇಲೆ ಕೂತು ನಮ್ಮ ಫಜೀತಿ ನೋಡುತ್ತಿದ್ದ.

"ಏನ್ ಅನ್ಲಿಕತ್ತದರಿ ನಿಮ್ಮ ಮಷಿನ್?" ಎಂದು ಕೇಳಿದ.

"ಈ ಹೊಲ ಕರ್ನಾಟಕದಾಗ ಇಲ್ಲ ಅಂತದರಿ ಕಾಕಾ" ಎಂದಳು ಅಫ್ರೀನ್.

ಅವನು ಕೂತ ಜಾಗದಿಂದ ಏಳಲಿಲ್ಲ. "ಇದ್ದಲ್ಲೇ ಅದ ತಗೋರಿ, ಅದೇನ್ ಎದ್ದು ಹೋಗಂಗಿಲ್ಲ" ಎಂದ.

ಅಂದಿನಿಂದ ಅವಳು ‘ಆಗುವುದಿಲ್ಲ’ ಎನ್ನುತ್ತಿದ್ದ ಕಂಪ್ಯೂಟರಿಗೆ ‘ಖಚಿತವೇ? ಇನ್ನೊಮ್ಮೆ ನೋಡಿ’ ಎಂದು ಕೇಳುವುದನ್ನು ಕಲಿಸಿದಳು. ಯಂತ್ರಕ್ಕೂ ಆ ಮಟ್ಟಿನ ವಿನಯ ಬೇಕು.

ಊರಿನ ಹೆಸರುಗಳದು ಇನ್ನೊಂದು ಕತೆ. ಮನ್ನಳ್ಳಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರಿಂದ ಕಂಪ್ಯೂಟರು ಅದನ್ನು ನಾಲ್ಕು ಊರು ಮಾಡಿತ್ತು. ನಿಜಾಮರ ಕಾಲದ ದಾಖಲೆಗಳೆಲ್ಲ ಉರ್ದುವಿನಲ್ಲಿದ್ದವು. ನನಗೆ ಮಾತನಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಫ್ರೀನ್ ಅಜ್ಜನ ಹತ್ತಿರ ಕಲಿತಿದ್ದಳು. ಮಧ್ಯಾಹ್ನ ಊಟದ ನಂತರ ಅವಳು ಉರ್ದು ದಾಖಲೆ ಓದಿ ಹೇಳುವುದು, ನಾನು ಅದು ಇಂದಿನ ಯಾವ ಊರು ಎಂದು ಗುರುತಿಸುವುದು ರೂಢಿಯಾಯಿತು. ಬದಲಿಗೆ ಅವಳಿಗೆ ನಾನು ಹಳಗನ್ನಡದ ಅಕ್ಷರ ಕಲಿಸಿದೆ. ಮೊದಮೊದಲು ಕಾಗದದ ಮೇಲೆ, ಆಮೇಲೆ ಕಲ್ಲಿನ ಮೇಲೆಯೇ ಬೆರಳಾಡಿಸಿ.

ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು ಧಾರವಾಡದ ಕಡೆಯವರು. ಕೆಟ್ಟವರಲ್ಲ, ಬಹಳ ಅವಸರದವರು. ಮೂರು ತುಂಡಾದ ಶಾಸನವನ್ನು ಮೂರು ದಾಖಲೆ ಎಂದು ಎಣಿಸಿದರೆ ವರದಿ ತುಂಬಿಕೊಂಡು ಕಾಣುತ್ತದೆ ಎಂದು ಅವರು, ಒಂದೇ ಕಲ್ಲು ಒಂದೇ ದಾಖಲೆ ಎಂದು ನಾನು. ಆ ಜಗಳದಲ್ಲಿ ನಾನು ಗೆದ್ದೆ. ಇನ್ನೊಂದು ಜಗಳ ಅಫ್ರೀನ್‌ಗೂ ನನಗೂ ಬಿತ್ತು. ಪ್ರತಿ ಮೂರ್ತಿ ಇರುವ ಜಾಗವನ್ನು ಜನರೆಲ್ಲ ನೋಡುವ ನಕಾಶೆಯಲ್ಲಿ ಚುಕ್ಕಿಯಿಟ್ಟು ತೋರಿಸಬೇಕು ಎಂಬುದು ಅವಳ ವಾದವಾಗಿತ್ತು. ಸಾಹೇಬರೂ ಅವಳ ಪರವಿದ್ದರು.

"ಜನರ ಆಸ್ತಿ ಮೇಡಂ, ಜನರಿಗಿ ಮುಚ್ಚಿಟ್ರ ಹ್ಯಾಂಗರಿ?"

"ಕಾವಲಿಲ್ಲದ ಮೂರ್ತಿ ಬೇಟಾ. ಹೊಲದಾಗ ಕುಂತಾವ. ದಾರಿ ತೋರಿಸೋದು ನಾವೇ ಆಗ್ತೇವಿ."

ಅವಳು ಯೋಚಿಸಿದಳು. ಎರಡು ನಕಾಶೆ ಮಾಡಿದಳು. ಜನರ ನಕಾಶೆಯಲ್ಲಿ ಊರಿನ ಹೆಸರೂ ಇಲ್ಲದೆ ಬರೀ ತಾಲ್ಲೂಕು, ಕಚೇರಿಯ ಒಳಗಿನ ನಕಾಶೆಯಲ್ಲಿ ನಿಖರವಾದ ಜಾಗ. ಒಳಗಿನದನ್ನು ಯಾರು ಯಾವಾಗ ತೆರೆದರೂ ಅವರ ಗುರುತು ಉಳಿಯುತ್ತಿತ್ತು. ಸಾಹೇಬರು ಗೊಣಗಿದರು, ಸಹಿ ಹಾಕಿದರು.

ಇಷ್ಟೆಲ್ಲ ಹೇಳಿದ್ದು ಕೂಸಿನವ್ವನ ಕತೆಗೆ ಬರಲು.

ಭಾಲ್ಕಿ ತಾಲ್ಲೂಕಿನ ಆ ಹಳ್ಳಿಯ ಹೆಸರನ್ನು ಈ ಬರಹದಲ್ಲಿಯೂ ನಾನು ಹೇಳುವುದಿಲ್ಲ. ಊರ ಹೊರಗೆ, ಕುರಿ ಹಟ್ಟಿಗಳ ಹತ್ತಿರ, ಒಂದು ಬೇವಿನ ಮರದ ಬುಡದಲ್ಲಿ ಮೊಣಕಾಲೆತ್ತರದ ಕಪ್ಪು ಕಲ್ಲಿನ ಮೂರ್ತಿ. ತೊಡೆಯ ಮೇಲೆ ಕೂಸು, ಕೈಯಲ್ಲಿ ಮಾವಿನ ಗೊಂಚಲು. ಓದಿದವರ ಲೆಕ್ಕದಲ್ಲಿ ಅದು ಜೈನರ ಅಂಬಿಕಾ ಯಕ್ಷಿ, ಕಲ್ಯಾಣದ ಚಾಲುಕ್ಯರ ಕಾಲದ ನುರಿತ ಕೈಯ ಕೆಲಸ. ಊರವರ ಪಾಲಿಗೆ ಅವಳು ಕೂಸಿನವ್ವ. ಬಾಣಂತಿಯರು ಮಗುವನ್ನು ಮೊದಲ ಸಲ ಹೊರಗೆ ತಂದಾಗ ಇಲ್ಲಿಗೆ ಬಂದು, ಕಲ್ಲಿನ ಕೂಸಿನ ತಲೆ ಮುಟ್ಟಿದ ಕೈಯನ್ನು ತಮ್ಮ ಕೂಸಿನ ತಲೆಗೆ ಮುಟ್ಟಿಸುತ್ತಿದ್ದರು. ಎಷ್ಟು ತಲೆಮಾರಿನ ಕೈ ಸೋಕಿತ್ತೋ, ಆ ಕಲ್ಲಿನ ಕೂಸಿನ ತಲೆ ನುಣ್ಣಗೆ ಹೊಳೆಯುತ್ತಿತ್ತು.

ಗುಡಿಯಿಲ್ಲ, ಗೋಡೆಯಿಲ್ಲ, ಪೂಜಾರಿಯಿಲ್ಲ. ದೀಪ ಹಚ್ಚುವವಳು ಶಾಂತಾಬಾಯಿ, ಕುರಿ ಸಾಕುವ ಮನೆತನದ ಹಿರಿಯ ಹೆಂಗಸು. ನಾನು ಯಾರ ಪೈಕಿ ಎಂದು ಅವಳು ಮೊದಲೇ ಕೇಳಿ ತಿಳಿದುಕೊಂಡಳು. ನಾನು ಹೇಳಿದೆ. "ಕುಂದರ್ರಿ ಬಾಯಿ, ಇಲ್ಲಿ ನೆರಳದ" ಎಂದು ಮೂರ್ತಿಯ ಪಕ್ಕದಲ್ಲೇ ಕಂಬಳಿ ಹಾಸಿದಳು.

ಎದುರಿನ, ಎಡಬಲದ ಚಿತ್ರಗಳಾದವು. ನಾನು ಚೀಲ ಕಟ್ಟಲು ಹೊರಟಿದ್ದೆ. ಅಫ್ರೀನ್ ಅಲುಗಲಿಲ್ಲ.

"ಹಿಂದಿನ ಕಡಿ ಫೋಟೋನೂ ಬೇಕ್ರಿ ಮೇಡಂ. ಎಲ್ಲಾ ಕಡಿಯಿಂದ ಫೋಟೋ ಇದ್ರನೇ ಕಂಪ್ಯೂಟರ್‌ನಾಗ ಇಡೀ ಮೂರ್ತಿ ಮಾಡ್ಲಿಕ್ಕಿ ಬರ್ತದ."

ಮೂರ್ತಿಯ ಬೆನ್ನು ಮರಕ್ಕೆ ಒರಗಿತ್ತು. ಸರಿಸಬೇಕಿತ್ತು. ಬೆನ್ನಿಗೆ ಕೆತ್ತನೆ ಇರುವುದಿಲ್ಲ, ಒರಟು ಕಲ್ಲು, ಅದರಿಂದೇನು ಎಂದು ನನಗೂ ಅನಿಸಿತು. ಶಾಂತಾಬಾಯಿಗಂತೂ ಮಾತೇ ಹಿಡಿಸಲಿಲ್ಲ.

"ದೇವರ ಬೆನ್ನು ಯಾರಾದ್ರೂ ನೋಡ್ತಾರೇನವ್ವಾ? ನಾ ಹುಟ್ಟಿದಾಗಿಂದ ನೋಡಿಲ್ಲ, ನಮ್ಮತ್ತಿ ನೋಡಿಲ್ಲ. ಬ್ಯಾಡ."

ಅಫ್ರೀನ್ ವಾದಿಸಲಿಲ್ಲ. ಕಂಬಳಿಯ ಮೇಲೆ ಅವಳ ಪಕ್ಕ ಕೂತಳು. ಕುರಿಗಳ ಬಗ್ಗೆ ಕೇಳಿದಳು, ತನ್ನ ತಾಯಿಯ ಮೊಣಕಾಲು ನೋವಿನ ಬಗ್ಗೆ ಹೇಳಿದಳು. ಚಹಾ ಬಂತು. ಕುಡಿದಾದ ಮೇಲೆ ಮೆಲ್ಲಗೆ ಕೇಳಿದಳು.

"ಅತ್ತಿ, ನಿಮ್ಮ ಮನ್ಯಾಗ ಕೂಸಿಗಿ ದವಾಖಾನಿಗಿ ಒಯ್ದಾಗ ಡಾಕ್ಟರ್ ಬೆನ್ನು ನೋಡ್ತಾರೋ ಇಲ್ಲೋ?"

"ನೋಡ್ತಾರ."

"ಹಂಗೇ ನಾನೂ ನೋಡ್ತೇನಿ. ಗಂಡಸರು ಯಾರೂ ಬ್ಯಾಡ. ನೀವೇ ತಿರುಗಿಸ್ರಿ."

ಶಾಂತಾಬಾಯಿ ಚಹಾದ ಕಪ್ಪುಗಳನ್ನು ಒಂದೆಡೆ ಸರಿಸಿಟ್ಟಳು. ಆಮೇಲೆ ಎದ್ದು ಸೊಸೆಯನ್ನೂ ಅಕ್ಕಪಕ್ಕದ ಹೆಂಗಸರನ್ನೂ ಕರೆದಳು. ನಮ್ಮ ಜೀಪಿನ ಡ್ರೈವರನನ್ನು ದೂರ ಕಳಿಸಿದಳು. ಇಬ್ಬರು ಸೀರೆಯನ್ನು ಪರದೆಯ ಹಾಗೆ ಹಿಡಿದರು. ಮೂರ್ತಿಗೆ ನೀರು ಹಾಕಿ, ಏನೋ ಮಣಮಣ ಬೇಡಿಕೊಂಡು, ನಾಲ್ಕು ಜನ ಸೇರಿ ತಿರುಗಿಸಿದರು. ಅಫ್ರೀನ್ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿ ಬಿಟ್ಟು, ಮಂಡಿಯೂರಿ ಚಿತ್ರ ತೆಗೆದಳು. ಒರಟು ಕಲ್ಲಿನ ಮೇಲೆ ಉಳಿಯ ಓರೆ ಗೆರೆಗಳು, ಅವುಗಳ ನಡುವೆ ಭುಜದಿಂದ ಸೊಂಟದವರೆಗೆ ಬಾಗಿ ಇಳಿದ ಬಿಳಿಯ ಒಂದು ನರ. ಅದು ಕಲ್ಲಿನ ಹುಟ್ಟುಗುರುತು. ತಿರುಗಿ ಇಟ್ಟಾದ ಮೇಲೆ ಶಾಂತಾಬಾಯಿ ಅಫ್ರೀನಳ ಹಣೆಗೆ ಕೈ ತಾಗಿಸಿ ತನ್ನ ಕಣ್ಣಿಗೆ ಒತ್ತಿಕೊಂಡಳು.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಶಾಂತಾಬಾಯಿಯ ಸೊಸೆ ಫೋನ್ ಮಾಡಿದಳು. ಮಾತಿಗಿಂತ ಅಳುವೇ ಹೆಚ್ಚು ಕೇಳಿಸಿತು. "ಅವ್ವ ಇಲ್ಲರಿ ಮೇಡಂ. ಕೂಸಿನವ್ವ ಇಲ್ಲ. ಜಾಗಾ ಖಾಲಿ ಅದ."

ನಾನು ಹೇಳಿ ಮುಗಿಸುವ ಮೊದಲೇ ಅಫ್ರೀನಳ ಮುಖ ಬಿಳಿಚಿಕೊಂಡಿತ್ತು. ಅವಳು ಕೇಳಿದ್ದು ಒಂದೇ ಮಾತು. "ನನ್ನ ನಕಾಶೆ ನೋಡಿ ಬಂದಾರೇನ್ರಿ?" ಕುರ್ಚಿ ಎಳೆದುಕೊಂಡು ಕೂತಳು. ಒಳಗಿನ ನಕಾಶೆಯಲ್ಲಿ ಆ ದಾಖಲೆಯನ್ನು ತೆರೆದವರ ಗುರುತುಗಳನ್ನು ಒಂದೊಂದಾಗಿ ನೋಡಿದಳು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಅವಳು, ನಾನು, ಸಾಹೇಬರು ಬಿಟ್ಟರೆ ಇನ್ಯಾರೂ ತೆರೆದಿರಲಿಲ್ಲ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೂರ್ತಿಯ ಚಿತ್ರ ಬಿಡಿಸುತ್ತೇವೆ ಎಂದು ಕಾರಿನಲ್ಲಿ ಬಂದು ಊರಲ್ಲಿ ಅಡ್ಡಾಡಿ ಹೋದ ಇಬ್ಬರ ಮೇಲೆ ಪೊಲೀಸರ ಸಂಶಯ ಬಿದ್ದದ್ದು ಆಮೇಲೆ ತಿಳಿಯಿತು.

ಠಾಣೆಯಲ್ಲಿ ಮೂರ್ತಿ ಹೇಗಿತ್ತು ಎಂದು ಕೇಳಿದರೆ ಊರವರು ಒಬ್ಬೊಬ್ಬರು ಒಂದೊಂದು ಹೇಳಿದರು. ದಿನಾ ನೋಡಿದವರು ಅಳತೆ ನೋಡಿರುವುದಿಲ್ಲ, ಮುಖ ನೋಡಿರುತ್ತಾರೆ. ನಾವು ಚಿತ್ರಗಳನ್ನು ಕೊಟ್ಟೆವು. ಪೊಲೀಸರು ಅವನ್ನು ನೆರೆಯ ರಾಜ್ಯಗಳಿಗೆಲ್ಲ ಕಳಿಸಿದರು. ನಾವು ಬೇರೆ ಊರು, ಬೇರೆ ಕಲ್ಲು ಎಂದು ತಿರುಗುತ್ತಲೇ ಇದ್ದೆವು. ಭಾಲ್ಕಿಯ ಕಡೆ ಹೋದಾಗಲೆಲ್ಲ ಆ ಬೇವಿನ ಮರದ ಹತ್ತಿರ ಜೀಪು ನಿಲ್ಲಿಸುತ್ತಿದ್ದೆವು. ಶಾಂತಾಬಾಯಿ ಖಾಲಿ ಜಾಗಕ್ಕೇ ದೀಪ ಹಚ್ಚುತ್ತಿದ್ದಳು. "ಎಲ್ಲಿದ್ರೂ ಕಾಣ್ಬೇಕಲ್ಲರಿ ಅವಳಿಗಿ" ಎನ್ನುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಪೊಲೀಸರಿಂದ ಒಂದು ಚಿತ್ರ ಬಂತು. ನೆರೆ ರಾಜ್ಯದ ಒಂದು ಗೋದಾಮಿನಲ್ಲಿ ಸಿಕ್ಕಿದ ಕಪ್ಪು ಕಲ್ಲಿನ ಮೂರ್ತಿ. ನಿಮ್ಮದೇನಾ ನೋಡಿ ಎಂದಿದ್ದರು.

ನೋಡಿದೆ. ಅಲ್ಲ ಎಂದೆ. ಇದರ ತೊಡೆಯ ಮೇಲೆ ಕೂಸಿರಲಿಲ್ಲ. ಕೈಯಲ್ಲಿದ್ದದ್ದು ಮಾವಿನ ಗೊಂಚಲಲ್ಲ, ಕಮಲದ ಮೊಗ್ಗು. ಮೈಯೆಲ್ಲ ಎಣ್ಣೆ ಹಚ್ಚಿ ಮಿರಿಮಿರಿ ಮಾಡಿದ್ದರು. ಬೇರೆ ಯಾವುದೋ ದೇವಿ.

ಅಫ್ರೀನ್ ಮಾತ್ರ ಚಿತ್ರವನ್ನು ಕೆಳಗಿಡಲಿಲ್ಲ. "ಇದರ ಬೆನ್ನಿನ ಫೋಟೋ ಕೇಳ್ರಿ ಮೇಡಂ" ಎಂದಳು.

ಬೆನ್ನಿನ ಚಿತ್ರ ಬಂತು. ಅವಳು ಅದನ್ನು ಪರದೆಯ ಮೇಲಿಟ್ಟು, ನಮ್ಮ ಹಳೆಯ ಚಿತ್ರವನ್ನು ತೆಳ್ಳಗೆ ಮಾಡಿ ಅದರ ಮೇಲೆ ಹೊದಿಸಿದಳು. ಕೊಂಚ ತಿರುಗಿಸಿದಳು, ಕೊಂಚ ಹಿಗ್ಗಿಸಿದಳು. ಭುಜದಿಂದ ಸೊಂಟಕ್ಕೆ ಬಾಗಿ ಇಳಿದ ಬಿಳಿ ನರದ ಮೇಲೆ ಬಿಳಿ ನರ ಕೂತಿತು. ಉಳಿಯ ಗೆರೆಗಳ ಮೇಲೆ ಉಳಿಯ ಗೆರೆಗಳು ಕೂತವು. ಕಳ್ಳರು ಮುಂದಿನದನ್ನೆಲ್ಲ ತಿದ್ದಿದ್ದರು. ಗುರುತು ಸಿಗಬಾರದೆಂದು ಕೂಸನ್ನು ಕಡಿದು ಆ ಜಾಗವನ್ನು ಉಜ್ಜಿ ನಯ ಮಾಡಿ, ಮಾವಿನ ಗೊಂಚಲನ್ನು ಕಮಲದ ಮೊಗ್ಗಾಗಿ ಕೆತ್ತಿದ್ದರು. ಬೆನ್ನನ್ನು ಅವರೂ ನನ್ನ ಹಾಗೆಯೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಫ್ರೀನ್ ಗೆದ್ದಳು ಎಂದು ನಾನು ಖುಷಿಪಡಬೇಕಿತ್ತು. ನಾನು ಮೊದಲ ಚಿತ್ರವನ್ನು, ಆ ಬರಿದಾದ ತೊಡೆಯನ್ನು ಮತ್ತೆ ನೋಡುತ್ತಿದ್ದೆ. ಅವಳು ಕೇಳಿದಳು. "ಶಾಂತಾಬಾಯಿಗಿ ಕೂಸಿನ ವಿಷಯ ಯಾರು ಹೇಳಬೇಕ್ರಿ?"

ಇಬ್ಬರೂ ಹೋದೆವು. ಹೇಳಿದೆವು. ಶಾಂತಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. "ಅವಳು ಖರೇ ಸಿಕ್ಕಾಳಲ್ಲ?" ಎಂದಳು. ಹೌದು ಎಂದೆ. "ಹಂಗಾರ ಮೊದಲು ಮನಿಗಿ ತರ್ರಿ" ಎಂದಳು.

ಅದು ಅಷ್ಟು ಸುಲಭವಿರಲಿಲ್ಲ. ಸಿಕ್ಕಿಬಿದ್ದವರು ಇದು ನಮ್ಮ ಮನೆತನದ ಮೂರ್ತಿ ಎಂದು ವಾದ ಹೂಡಿದರು. ಭಾಲ್ಕಿಯ ಕೋರ್ಟಿನಲ್ಲಿ, ಮೂರ್ತಿಯನ್ನು ಯಾರ ಸುಪರ್ದಿಗೆ ಕೊಡಬೇಕು ಎಂಬ ವಿಚಾರಣೆ ನಡೆಯಿತು. ಮೂರ್ತಿಯನ್ನೂ ಅಲ್ಲಿ ತಂದಿರಿಸಿದ್ದರು. ಅವರ ವಕೀಲರು ಅಫ್ರೀನಳನ್ನು ಕೇಳಿದರು.

"ಇಂಥ ಮೂರ್ತಿ ಈ ಭಾಗದಾಗ ಬೇಕಾದಷ್ಟು ಅವ. ಕಂಪ್ಯೂಟರ್‌ನಾಗ ನಿಮಗ ಬೇಕಾದಂಗ ಫೋಟೋ ಮಾಡ್ಲಿಕ್ಕಿ ಬರ್ತದ, ಹೌದೋ ಅಲ್ಲೋ?"

"ಹೌದ್ರಿ ಸಾಹೇಬ್ರ, ಬರ್ತದ" ಎಂದಳು ಅವಳು. ಕೋರ್ಟಿನಲ್ಲಿ ಪಿಸುಮಾತು ಎದ್ದಿತು. ಅವಳು ಅದೇ ದನಿಯಲ್ಲಿ ಮುಂದುವರಿಸಿದಳು. "ಅದಕ್ಕೇ ಫೋಟೋ ಯಾವ ದಿನ ಒಳಗ ಸೇರ್ಯಾದ ಅನ್ನೋ ಗುರುತು ನಮ್ಮ ಕೈಯಾಗ ಇಟ್ಟಿಲ್ಲರಿ. ಅದು ಬೇರೆ ಊರಿನ ಸರ್ವರ್‌ನಾಗ ಇರ್ತದ, ನಾ ಬದಲಿ ಮಾಡ್ಲಿಕ್ಕಿ ಬರಂಗಿಲ್ಲ. ಅದನ್ನ ತರಿಸಿ ನೋಡ್ರಿ. ಮೂರ್ತಿ ಇಲ್ಲೇ ಅದ. ತಿರುಗಿಸಿ, ಫೋಟೋದ ಪಕ್ಕ ಇಟ್ಟು ನೋಡ್ರಿ."

ನ್ಯಾಯಾಧೀಶರು ಮೂರ್ತಿಯನ್ನು ತಿರುಗಿಸಲು ಹೇಳಿದರು. ತಾವೇ ಕೆಳಗಿಳಿದು ಬಂದು, ಚಿತ್ರ ಕೈಯಲ್ಲಿ ಹಿಡಿದು, ಬಿಳಿ ನರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವರ ಹಿಂದೆ ವಕೀಲರು, ಗುಮಾಸ್ತರು, ಪೊಲೀಸರು ಎಲ್ಲರೂ ಬಗ್ಗಿ ನೋಡತೊಡಗಿದರು. ಹಿಂದಿನ ಬೆಂಚಿನಿಂದ ಶಾಂತಾಬಾಯಿ ಎದ್ದು ನಿಂತಳು.

"ಸಾಹೇಬ್ರ, ನೋಡೋದು ಆಗಿದ್ರ ಮುಚ್ಚರಿ. ಭಾಳ ಗಂಡಸರು ಇದ್ದಾರ."

ಯಾರೂ ನಗಲಿಲ್ಲ. ನ್ಯಾಯಾಧೀಶರು ಗುಮಾಸ್ತರ ಕಡೆ ನೋಡಿದರು. ಅವರು ಮೇಜಿನ ಮೇಲಿನ ಬಟ್ಟೆ ತೆಗೆದು ಮೂರ್ತಿಗೆ ಹೊದಿಸಿದರು.

ಮೂರ್ತಿ ಆ ಹಳ್ಳಿಯದೇ ಎಂಬುದು ಸಾಬೀತಾಯಿತು. ಎಲ್ಲಿಡಬೇಕು ಎಂದು ನಮ್ಮ ಕಚೇರಿಯ ಅಭಿಪ್ರಾಯ ಕೇಳಿದರು. ದೇಸಾಯಿ ಸಾಹೇಬರ ನಿಲುವು ಸ್ಪಷ್ಟವಾಗಿತ್ತು.

"ಮ್ಯೂಸಿಯಮ್ಮಿಗೆ ತರೋಣ ಸುಜಾತಾಬಾಯಿ. ಒಮ್ಮೆ ಕಳುವಾಗೇದ. ಮತ್ತೊಮ್ಮೆ ಆದ್ರ ಯಾರು ಜವಾಬ್ದಾರಿ? ಅಲ್ಲೇ ಇಡೋದಾದ್ರ ಕಬ್ಬಿಣದ ಜಾಳಿಗಿ ಹಾಕಿ ಕೀಲಿ ಹಾಕಬೇಕು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ನಾನೂ ಅದನ್ನೇ ನಂಬಿ ಬಂದಿದ್ದೆ. ಆದರೂ ಕೀಲಿಯ ಮಾತು ಬಂದಾಗ ಒಂದು ಅಭಿಪ್ರಾಯ ಬರೆಯಲು ಕೂತವಳು ಇನ್ನೊಂದನ್ನು ಬರೆದೆ. ಆ ದೇವರಿಗೆ ಎಂದೂ ಬಾಗಿಲು ಇರಲಿಲ್ಲ. ಕೂಸು ಹೊತ್ತು ಯಾರೇ ಬಂದರೂ ತಡೆಯುವವರಿರಲಿಲ್ಲ. ಈಗ ಬಾಗಿಲು ಹಾಕಿದರೆ ಅದರ ಕೀಲಿ ಯಾರದೋ ಒಬ್ಬರ ಕೈಗೆ ಹೋಗುತ್ತದೆ. ಬಾಗಿಲ ಹೊರಗೆ ಯಾರು ನಿಲ್ಲುತ್ತಾರೆ ಎಂಬುದು ಕ್ರಮೇಣ ತೀರ್ಮಾನವಾಗುತ್ತದೆ. ಅದನ್ನು ನಾನು ಯಾವ ಪುಸ್ತಕದಲ್ಲೂ ಓದಬೇಕಾಗಿರಲಿಲ್ಲ. ಮೂರ್ತಿಯನ್ನು ಕಲ್ಲಿನ ಕಟ್ಟೆಗೆ ಕಬ್ಬಿಣದ ಸರಳುಗಳಿಂದ ಬಿಗಿದು ಕೂರಿಸಬೇಕು, ದೀಪದ ಕಂಬ ಹಾಕಬೇಕು, ಜಾಳಿಗೆ ಬೇಡ, ಹಟ್ಟಿಯವರು ಕಾವಲಿಗೆ ಒಪ್ಪಿದ್ದಾರೆ ಎಂದು ಬರೆದು ಸಾಹೇಬರ ಮುಂದಿಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ನನಗ ಒಪ್ಪಿಗಿ ಇಲ್ಲ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆದ್ರ ನೀವು ಬರದದ್ದು ತಪ್ಪು ಅಂತ ಹೇಳ್ಲಿಕ್ಕೂ ನನ್ನ ಕಡೆ ಏನೂ ಇಲ್ಲ" ಎಂದು ಹಾಗೆಯೇ ಮುಂದಕ್ಕೆ ಕಳಿಸಿದರು. ಅಂಥ ಮೇಲಧಿಕಾರಿ ಸಿಕ್ಕರೆ ಅವರ ಅವಸರವನ್ನು ಸಹಿಸಿಕೊಳ್ಳಿ ಎಂದಷ್ಟೇ ಹೊಸಬರಿಗೆ ಹೇಳಬಲ್ಲೆ.

ಕೂಸಿನವ್ವ ಮನೆಗೆ ಬಂದ ದಿನ ಊರಿಗೆ ಊರೇ ಬೇವಿನ ಮರದ ಹತ್ತಿರ ನೆರೆದಿತ್ತು. ಟೆಂಪೋದಿಂದ ಇಳಿಸಿ, ಹೊಸ ಕಟ್ಟೆಯ ಮೇಲೆ ಕೂರಿಸಿ, ಮೇಸ್ತ್ರಿ ಸರಳು ಬಿಗಿದ. ಹೊದಿಸಿದ್ದ ಬಟ್ಟೆಯನ್ನು ಶಾಂತಾಬಾಯಿ ತೆಗೆದಳು. ಗದ್ದಲ ತಾನಾಗಿ ನಿಂತಿತು. ಎಲ್ಲರ ಕಣ್ಣೂ ಅವಳ ಬರಿದಾದ ತೊಡೆಯ ಮೇಲೆ. ಗೊತ್ತಿದ್ದರೂ ಕಣ್ಣಿಗೆ ಕಂಡದ್ದು ಬೇರೆಯೇ ಅಲ್ಲವೇ. ಹಿಂದೆ ಯಾರೋ ಮುದುಕಿ ಬಿಕ್ಕಿದಳು. ನಾನು ನೆಲ ನೋಡುತ್ತಿದ್ದೆ.

ಶಾಂತಾಬಾಯಿಯ ಸೊಸೆಗೆ ಆಗ ಮೂರು ತಿಂಗಳ ಕೂಸು. ಮೂರ್ತಿ ಇಲ್ಲದಿದ್ದ ಕಾಲದಲ್ಲಿ ಹುಟ್ಟಿದ್ದು. ಅತ್ತೆಯ ಮುಖ ಒಮ್ಮೆ ನೋಡಿ ಅವಳು ಮುಂದೆ ಬಂದಳು. ಮುಟ್ಟಿ ಮುಟ್ಟಿಸಲು ಕಲ್ಲಿನ ಕೂಸಿನ ತಲೆ ಇಲ್ಲ. ಅವಳು ಕ್ಷಣ ಹೊತ್ತು ಕೈ ಚಾಚಿಕೊಂಡು ನಿಂತಳು. ಆಮೇಲೆ ತನ್ನ ಕೂಸನ್ನೇ ಎರಡೂ ಕೈಯಲ್ಲಿ ಹಿಡಿದು ಆ ತೊಡೆಯ ಮೇಲೆ, ಕಡಿದು ನಯ ಮಾಡಿದ ಜಾಗದಲ್ಲಿ ಕೂರಿಸಿದಳು. ತಣ್ಣಗಿನ ಕಲ್ಲು ತಾಕಿ ಕೂಸು ಕಿರಗುಟ್ಟಿತು. ಶಾಂತಾಬಾಯಿ ನಕ್ಕಳು. ಅವಳು ನಕ್ಕ ಮೇಲೆ ಎಲ್ಲರೂ ನಕ್ಕರು. ಕೂಸು ಹೊತ್ತ ಇನ್ನೊಬ್ಬಳು ಮುಂದೆ ಬಂದಳು, ಅವಳ ಹಿಂದೆ ಮತ್ತೊಬ್ಬಳು.

ಆ ಗದ್ದಲದಿಂದ ಈಚೆ, ಅದೇ ಹಳೆಯ ಕಂಬಳಿಯ ಮೇಲೆ ಅಫ್ರೀನ್ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ದಾಖಲೆಯಲ್ಲಿ ‘ಸದ್ಯದ ಸ್ಥಿತಿ’ ಎಂಬ ಖಾನೆ ಇರುತ್ತದೆ. ಅಲ್ಲಿ ಬರೆಯಲು ಬರುವುದಿಲ್ಲ, ಕೊಟ್ಟಿರುವ ಆಯ್ಕೆಗಳಲ್ಲಿ ಒಂದನ್ನು ಒತ್ತಬೇಕು. ಸುಸ್ಥಿತಿ, ಭಗ್ನ, ಸ್ಥಳಾಂತರ, ಕಳವು. ಅವಳ ಬೆರಳು ಒಂದೊಂದರ ಮೇಲೂ ಹೋಗಿ ವಾಪಸು ಬಂತು.

"ಇದರಾಗ ಯಾವುದೂ ಅಲ್ಲರಿ ಮೇಡಂ. ಇದು ಆಗ್ತದ ಅಂತ ನಾವು ಅಂದುಕೊಂಡೇ ಇರ್ಲಿಲ್ಲ."

ಅವಳು ಒಳಗಿನ ಪುಟ ತೆರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ‘ಮರಳಿ ಬಂದದ್ದು’. ಸರಿಯೇ ಎಂಬಂತೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಒತ್ತಿದಳು.

ನಾನು ನಿವೃತ್ತಳಾಗುವವರೆಗೂ ಆ ಆಯ್ಕೆಯಡಿ ಇದ್ದದ್ದು ಅದೊಂದೇ ದಾಖಲೆ.